ಒಂದನೇ ನಂಬರಿನ ಕಾರ್ಡು

ನನಗೆ ಕಂಪ್ಯೂಟರ್ ಬರುತ್ತದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಬರುವುದಿಲ್ಲ ಎಂದೂ ಹೇಳಿರಲಿಲ್ಲ. ಈ ಎರಡರ ನಡುವೆ ಒಬ್ಬ ಗುಮಾಸ್ತ ಎಷ್ಟು ಎತ್ತರಕ್ಕೆ ಏರಬಹುದು, ಅಲ್ಲಿಂದ ಯಾರ ಮೇಲೆ ಬೀಳಬಹುದು ಎನ್ನುವುದನ್ನು ಹೇಳಲು ಕೂತಿದ್ದೇನೆ.

ಮೂರು ವರ್ಷದ ಹಿಂದೆ ಹುನಗುಂದದ ನಮ್ಮ ಕಚೇರಿಯಲ್ಲಿ ಪ್ರಿಂಟರು ನಿಂತುಹೋಗಿತ್ತು. ಕಚೇರಿಯ ಪೂರ್ತಿ ಹೆಸರು ಕೇಳಬೇಡಿ. ನೇಕಾರರ ಕೆಲಸ ನೋಡುವ ಕಚೇರಿ ಎಂದು ತಿಳಿದರೆ ಸಾಕು, ನನಗಿನ್ನೂ ಒಂಬತ್ತು ವರ್ಷ ಸರ್ವಿಸ್ ಇದೆ. ಬಿದ್ದ ಪೆನ್ನು ಹುಡುಕಲು ನಾನು ಮೇಜಿನ ಕೆಳಗೆ ಬಗ್ಗಿದಾಗ ಸಡಿಲಾದ ವೈರಿಗೆ ನನ್ನ ತಲೆ ತಾಗಿತು. ಪ್ರಿಂಟರು ಕಿರ್ರೆಂದು ಕಾಗದ ಉಗುಳಿತು. ಅವತ್ತಿನಿಂದ ನಾನು ಕಚೇರಿಯ ತಜ್ಞ. ವಿಜಯಮಹಾಂತೇಶ ಎಂಬ ಉದ್ದದ ಹೆಸರನ್ನು ಜನ ಮಾಂತೇಶ ಎಂದು ಮೊದಲೇ ಮೊಟಕು ಮಾಡಿದ್ದರು, ಈಗ ‘ಕಂಪ್ಯೂಟರ್ ಮಾಂತೇಶ’ ಎಂದು ಮತ್ತೆ ಉದ್ದ ಮಾಡಿದರು. ಒಪ್ಪದೆ ಉಳಿದವಳು ನನ್ನ ಹೆಂಡತಿ ಮಹೇಶ್ವರಿ ಒಬ್ಬಳೇ.

“ಮಿಕ್ಸರಿನ ಮುಚ್ಚಳಾ ಹಾಕಾಕ ಬರಂಗಿಲ್ಲ ನಿಮಗ, ಚಟ್ನಿ ಮಾಡಂದ್ರ ಗ್ವಾಡಿಗೆಲ್ಲಾ ಬಳೀತೀರಿ. ನೀವ್ಯಾವ ಕಂಪ್ಯೂಟರ್?” ಎಂದಳು.

ನಾನು ಈ ಕೀರ್ತಿಯನ್ನು ಅನುಭವಿಸುತ್ತಿದ್ದಾಗಲೇ ‘ಮಗ್ಗಸಿರಿ’ ಎಂಬ ಪ್ರೋಗ್ರಾಮು ಬಂತು. ಕಂಪ್ಯೂಟರಿನಲ್ಲಿ ಅದನ್ನು ತೆರೆದು ನೇಕಾರರ ಹೆಸರು, ಫೋಟೋ, ಮಗ್ಗದ ವಿವರ ತುಂಬಿದರೆ ಒಂದು ಆರೋಗ್ಯ ಕಾರ್ಡು ಅಚ್ಚಾಗಿ ಬರುತ್ತದೆ. ಕಾರ್ಡು ಇದ್ದವರಿಗೆ ದವಾಖಾನೆಯಲ್ಲಿ ಆಪರೇಶನ್ ಪುಕ್ಕಟೆ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಈ ಕಾರ್ಡಿನ ದಾರಿ ಕಾಯುತ್ತಿದ್ದವರು ರೋಷನಬಿ. ಅರವತ್ತು ದಾಟಿದ ಹೆಂಗಸು. ಮನೆಯ ನಡುವೆ ಕುಣಿ ಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಇಳಕಲ್ಲ ಸೀರೆಗೆ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಬೇಕು, ಸಾವಿರಾರು ಎಳೆ. ಓಣಿಯಲ್ಲಿ ಆ ಕೊಂಡಿಗೆ ರೋಷನಬಿಯ ಕೈಯೇ ಆಗಬೇಕಿತ್ತು. ಎಡಗಣ್ಣಿನ ಪೊರೆ ಬಲಿತು ಒಳಗೇ ಒಡೆದು ಆ ಕಣ್ಣು ಎರಡು ವರ್ಷದ ಹಿಂದೆಯೇ ಹೋಗಿತ್ತು. ಈಗ ಬಲಗಣ್ಣಿನ ಪೊರೆಯೂ ಬಲಿತಿತ್ತು. ಅಂಥ ಕೆಟ್ಟ ಪೊರೆ ತೆಗೆಯುವ ಡಾಕ್ಟರು ಹುಬ್ಬಳ್ಳಿಯಿಂದ ಬಾಗಲಕೋಟೆಗೆ ಇಪ್ಪತ್ತೆರಡನೇ ತಾರೀಖು ಬರುವವರಿದ್ದರು, ಅದೊಂದೇ ದಿನ, ಕಾರ್ಡು ತಂದವರಿಗೆ ಮಾತ್ರ.

“ಇನ್ನೊಂದ ತಿಂಗಳ ತಡಾ ಆದ್ರ ಇದೂ ಒಳಗ ಒಡೀತೈತಿ ಅಂದಾರ, ತಮ್ಮಾ” ಎಂದರು ರೋಷನಬಿ.

“ಯಾಕ ಚಿಂತಿ ಮಾಡ್ತೀರಿ ಅಮ್ಮಾರ? ಕಂಪ್ಯೂಟರ್ ಮುಂದ ನಾ ಇರ್ತೇನಲ್ಲ” ಎಂದೆ.

ಐದನೇ ತಾರೀಖು ಹುನಗುಂದದ ಮಂಗಲ ಕಾರ್ಯಾಲಯದಲ್ಲಿ ಮಗ್ಗಸಿರಿಯ ಉದ್ಘಾಟನೆ. ನಮ್ಮ ಅನಿಲಕುಮಾರ ಸಾಹೇಬರು ದಾವಣಗೆರೆ ಕಡೆಯವರು, ಬಾಯಿ ತೆರೆದರೆ ಸುತ್ತೋಲೆ ಓದಿದಂತಿರುತ್ತದೆ. ಅವರು ಕಮತಗಿಯ ಚಾಂದಸಾಬರನ್ನು ಕರೆಸಿ ವೇದಿಕೆಯ ಮೇಲೆ ದೊಡ್ಡ ಪರದೆ ಕಟ್ಟಿಸಿದ್ದರು. ಚಾಂದಸಾಬರದು ಮದುವೆಗಳಲ್ಲಿ ಪರದೆ ಕಟ್ಟಿ ಮದುಮಕ್ಕಳ ಫೋಟೋ ತೋರಿಸುವ ಉದ್ಯೋಗ.

ಅತಿಥಿಗಳು ಗುಂಡಿ ಒತ್ತಿದರು. ಕಂಪ್ಯೂಟರಿನಿಂದ ಒಬ್ಬ ಹೆಣ್ಣುಮಗಳ ಧ್ವನಿ ಬಂತು. “ನಮಸ್ಕಾರ! ಮಗ್ಗಸಿರಿಗೆ ಸ್ವಾಗತ. ನಿಮ್ಮ ಸೇವೆಗೆ ನಾವು ಸದಾ ಸಿದ್ಧ.” ಧ್ವನಿ ಬಂದರೂ ಪ್ರೋಗ್ರಾಮು ತೆರೆದದ್ದು ನಮ್ಮ ಕಚೇರಿಯಿಂದ ತಂದು ಮೇಜಿನ ಮೇಲಿಟ್ಟ ಸಣ್ಣ ಕಂಪ್ಯೂಟರಿನಲ್ಲಿ. ದೊಡ್ಡ ಪರದೆ ಬಿಳಿಯಾಗಿಯೇ ಇತ್ತು.

“ಏನೂ ಕಾಣವಲ್ದು!” ಎಂದು ಹಿಂದಿನ ಸಾಲಿನವರು ಕೂಗಿದರು.

ಸಾಹೇಬರು ನನ್ನತ್ತ ನೋಡಿದ ನೋಟಕ್ಕೆ ನಾನು ಮೌಸ್ ಹಿಡಿದು ಕಂಡ ಕಡೆಗೆಲ್ಲ ಎಳೆದಾಡಿದೆ. ಎಳೆತದ ರಭಸಕ್ಕೆ ಪ್ರೋಗ್ರಾಮಿನ ಚೌಕಟ್ಟು ಸಣ್ಣ ಕಂಪ್ಯೂಟರಿನ ಅಂಚು ದಾಟಿ ಜಾರಿಹೋಗಿ ದೊಡ್ಡ ಪರದೆಯ ಮೇಲೆ ಝಗ್ಗನೆ ಕಾಣಿಸಿತು. ಅದೇನು ಚಪ್ಪಾಳೆ! ಆಲಮಟ್ಟಿಯ ನೀರನ್ನು ನಾನೇ ಹೆಗಲ ಮೇಲೆ ಹೊತ್ತು ಹುನಗುಂದಕ್ಕೆ ತಂದಿದ್ದರೂ ಅಷ್ಟು ಬೀಳುತ್ತಿರಲಿಲ್ಲ. ತಟ್ಟೆಯಲ್ಲಿ ಒಂದು ಶಾಲು ಹೆಚ್ಚಿಗೆ ಉಳಿದಿತ್ತು, ಅದನ್ನು ನನಗೆ ಹೊದಿಸಿದರು.

ಆಮೇಲೆ ಮೊದಲ ಕಾರ್ಡಿನ ವಿತರಣೆ. ಫಲಾನುಭವಿ ನಂಬರ್ ಒಂದು, ರೋಷನಬಿ. ಅವರ ಹೆಸರಿನ ಮುಂದಿನ ‘ವಿತರಣೆ’ ಗುಂಡಿಯನ್ನೂ ಅತಿಥಿಗಳೇ ಒತ್ತಿದರು. ನಿಜವಾದ ಕಾರ್ಡು ಅಂಗೈಯಷ್ಟೇ ಇರುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ ಎಂದು ಸಾಹೇಬರು ದಪ್ಪ ಪ್ಲೈವುಡ್ಡಿನಲ್ಲಿ ಬಾಗಿಲಿನಷ್ಟು ದೊಡ್ಡದೊಂದು ಕಾರ್ಡು ಮಾಡಿಸಿದ್ದರು. ಅದರ ಮೇಲೆ ರೋಷನಬಿಯ ಫೋಟೋ, ಹೆಸರು, ನಂಬರು, ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ಮಾದರಿ’ ಎಂಬ ಪದ. ರೋಷನಬಿ ಅದರ ಭಾರಕ್ಕೆ ಬಾಗಿ ನಿಂತರು, ಸಾಹೇಬರು ನಕ್ಕರು, ಫೋಟೋ ಆಯಿತು. ಆದ ಕೂಡಲೇ ನಮ್ಮ ಜವಾನ ಹೊಳಬಸಪ್ಪ ಬಂದು ಅದನ್ನು ಅವರ ಕೈಯಿಂದ ಇಸಕೊಂಡ. ಹೊಳಬಸಪ್ಪನಿಗೆ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಯಾವುದಕ್ಕೂ ಆಶ್ಚರ್ಯಪಡುವುದನ್ನು ಅವನು ಎಂದೋ ಬಿಟ್ಟಿದ್ದ.

“ಕೊಡ್ರಿ ಅಮ್ಮಾರ, ಇದು ಸಾಹೇಬ್ರ ಕೋಣ್ಯಾಗ ಹಾಕೂದು.”

“ಮತ್ತ ನಂದು?”

“ನಾಳಿ ಆಫೀಸಿಗೆ ಬರ್ರಿ, ಸಣ್ಣದು ಕೊಡ್ತೇನಿ” ಎಂದು ನಾನು ಶಾಲು ಸರಿಮಾಡಿಕೊಳ್ಳುತ್ತ ಹೇಳಿದೆ. ಕೊನೆಗೆ ಎಲ್ಲರೂ ನೋಡುತ್ತಿರುವಾಗಲೇ ದೊಡ್ಡ ಪರದೆಯ ಮೇಲೆಯೇ ಪ್ರೋಗ್ರಾಮನ್ನು ಮುಚ್ಚಿದೆ. ಚಾಂದಸಾಬರು ವೈರು ಕಿತ್ತು ಪರದೆ ಸುತ್ತಿಕೊಂಡು ಹೋದರು. ದೊಡ್ಡ ಪರದೆಯ ಮೇಲೆಯೇ ಮುಚ್ಚಿದೆ ಎಂಬ ಮಾತನ್ನು ಓದುವವರು ನೆನಪಿಡಬೇಕು. ನಾನು ನೆನಪಿಡಲಿಲ್ಲ.

ಮರುದಿನ ಪೇಪರಿನಲ್ಲಿ ಫೋಟೋ ಬಂದಿತ್ತು. ‘ಮೊದಲ ಕಾರ್ಡು ಪಡೆದ ರೋಷನಬಿ.’ ಪಡೆದ ರೋಷನಬಿ ಸೊಸೆ ಆಯೇಶಾಳ ಕೈ ಹಿಡಿದುಕೊಂಡು ಒಂಬತ್ತೂವರೆಯ ಬಸ್ಸಿಗೆ ಹುನಗುಂದಕ್ಕೆ ಬಂದು ನಮ್ಮ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದರು. ನಾನು ಮಗ್ಗಸಿರಿಯ ಚಿತ್ರದ ಮೇಲೆ ಒತ್ತಿದೆ.

“ನಮಸ್ಕಾರ! ಮಗ್ಗಸಿರಿಗೆ ಸ್ವಾಗತ. ನಿಮ್ಮ ಸೇವೆಗೆ ನಾವು ಸದಾ ಸಿದ್ಧ.”

ಕೆಳಗಿನ ಪಟ್ಟಿಯಲ್ಲಿ ಪುಟ್ಟ ಮಗ್ಗದ ಗುರುತು ಮೂಡಿತು. ಅಷ್ಟೇ. ಪ್ರೋಗ್ರಾಮು ಕಾಣಲಿಲ್ಲ. ಮತ್ತೆ ಒತ್ತಿದೆ, ಮತ್ತೆ ನಮಸ್ಕಾರ. ಸಿಟ್ಟಿನಿಂದ ಹತ್ತು ಸಲ ಒತ್ತಿದೆ. ಹತ್ತು ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನಮಸ್ಕರಿಸಿದರು.

“ಯಾರೋ ಕರ್ಯಾಕತ್ತಾರಲ್ಲ ತಮ್ಮಾ, ಒಳಗ ಬರ್ಲೇನು?” ಎಂದು ರೋಷನಬಿ ಎದ್ದು ನಿಂತರು.

“ಅದು ಮಷಿನ್ ಅಮ್ಮಾರ. ಕೂಡ್ರಿ.”

“ಸದಾ ಸಿದ್ಧ ಅಂತಲ್ಲ.”

“ಸಿದ್ಧ ಐತ್ರಿ. ಆದ್ರ ಕಾಣವಲ್ದು.”

ಹೊಳಬಸಪ್ಪ ಬಾಗಿಲಲ್ಲಿ ನಿಂತು, “ನಿನ್ನಿ ಅಷ್ಟ ಮಂದಿ ಮುಂದ ಮಾರಿ ತೋರಿಸೇತಿ. ಇವತ್ತ ನಾವಿಬ್ರ ಇದ್ದೇವಿ, ನಮಗ್ಯಾಕ ತೋರಿಸ್ತೈತಿ?” ಎಂದ. ಆ ದಿನ ಕಚೇರಿಯಲ್ಲಿ ಯಾರಾದರೂ ಸತ್ಯದ ಹತ್ತಿರ ಹೋಗಿದ್ದರೆ ಅದು ಹೊಳಬಸಪ್ಪ. ನಾನು ತಜ್ಞ, ಜವಾನನ ಮಾತು ಕೇಳುವುದುಂಟೆ?

ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ವೈರುಗಳನ್ನೆಲ್ಲ ಕಿತ್ತು ಒರೆಸಿ ಮತ್ತೆ ಸಿಕ್ಕಿಸಿದೆ. ಪ್ರೋಗ್ರಾಮು ಮಾಡಿದ ಬೆಂಗಳೂರಿನ ಕಂಪನಿಗೆ ಫೋನು ಹಚ್ಚಿದೆ. ಪದ್ಮಶ್ರೀ ಎಂಬ ಹೆಣ್ಣುಮಗಳು ಎತ್ತಿಕೊಂಡಳು.

“ಸರ್, ನಮ್ಮ ಕಡೆ ಲಾಂಚ್ ಸಕ್ಸಸ್ ಅಂತ ತೋರಿಸ್ತಾ ಇದೆ. ನಿಮ್ಮಲ್ಲಿ ಓಪನ್ ಆಗಿದೆ.”

“ಆಗಿಲ್ಲ ತಂಗಿ. ನಾ ಅದರ ಮುಂದ ಕುಂತೇನಿ.”

“ಇಲ್ಲ ಸರ್, ಆಗಿದೆ. ಹನ್ನೆರಡು ಸಲ ಆಗಿದೆ.”

“ನನ್ನ ಕಣ್ಣಿಗೆ ಕಾಣವಲ್ದು ಅಂತೇನಿ!”

“ಹಾಗಾದ್ರೆ ಅದು ಇಂಟರ್‌ಫೇಸ್ ಇನಿಶಿಯಲೈಜೇಶನ್ ಪ್ರಾಬ್ಲಮ್ ಇರಬೇಕು ಸರ್. ಕಂಪ್ಲೇಂಟ್ ಹಾಕಿದೀನಿ, ಯಾರಾದ್ರೂ ನೋಡ್ತಾರೆ.”

ಆ ಪದವನ್ನು ನಾನು ಅಂಗೈ ಮೇಲೆ ಬರೆದುಕೊಂಡೆ. ರೋಗ ವಾಸಿಯಾಗದಿದ್ದರೂ ರೋಗಕ್ಕೊಂದು ಹೆಸರು ಸಿಕ್ಕಿದ್ದೇ ನನಗೆ ದೊಡ್ಡ ಸಮಾಧಾನ. ಸಾಹೇಬರಿಗೆ ಹೇಳಿದೆ, ಅವರು ಗಂಭೀರವಾಗಿ ತಲೆಯಾಡಿಸಿ ಡೈರಿಯಲ್ಲಿ ಬರೆದುಕೊಂಡರು. ಚಹಾದಂಗಡಿಯಲ್ಲಿ ಹೇಳಿದೆ. ನಾಲ್ಕು ದಿನದಲ್ಲಿ ಆ ಪದ ಇಡೀ ಬಸ್‌ಸ್ಟ್ಯಾಂಡಿನಲ್ಲಿ ಓಡಾಡತೊಡಗಿತು. ಬಸ್ಸು ಚಾಲೂ ಆಗದಿದ್ದರೆ ಕಂಡಕ್ಟರ್ “ಇನಿಶಿಯಲೈಜೇಶನ್ ಆಗೇತ್ರಿ, ಇಳದ ನೂಕ್ರಿ” ಎನ್ನುತ್ತಿದ್ದ. ಮಹೇಶ್ವರಿಗೂ ಹೇಳಿದೆ.

“ನಿಮಗ ಅದು ದಿನಾ ಮುಂಜಾನೆ ಆಗ್ತೈತಿ. ಎಂಟ ಆದ್ರೂ ಹಾಸಗಿ ಬಿಟ್ಟ ಏಳಂಗಿಲ್ಲ. ಅದಿರ್ಲಿ, ಆಕಿ ಕಾರ್ಡು ಯಾವಾಗ?” ಎಂದಳು.

ರೋಷನಬಿಯೂ ದಿನಾ ಅದನ್ನೇ ಕೇಳುತ್ತಿದ್ದರು. ದಿನಾ ಒಂಬತ್ತೂವರೆಯ ಬಸ್ಸಿಗೆ ಬರುವುದು, ಬೆಂಚಿನ ಮೇಲೆ ಕೂರುವುದು, ನಮಸ್ಕಾರ ಕೇಳುವುದು, ಸಂಜೆ ಹೋಗುವುದು. ಬಾದಾಮಿಯ ಕಚೇರಿಯಲ್ಲಿ ಕಾರ್ಡು ಕೊಡುತ್ತಿದ್ದಾರಂತೆ, ಅಲ್ಲಿಗಾದರೂ ಹೋಗಲೇ ಎಂದು ಆಯೇಶಾ ಕೇಳಿದಳು. “ಅತ್ತಿಯವರ ಹೆಸರು ನಮ್ಮ ಕಚೇರಿಗೆ ಐತಿ, ಅಲ್ಲಿ ಕೊಡಂಗಿಲ್ಲವಾ” ಎಂದೆ. ಇಂಥ ನಿಯಮಗಳು ಮಾತ್ರ ನನಗೆ ಪಕ್ಕಾ ಗೊತ್ತಿರುತ್ತವೆ.

ಹದಿನೈದನೇ ತಾರೀಖು ಮೇಲಿನವರಿಂದ ಒಂದು ಪತ್ರ ಬಂತು. ಸಾಹೇಬರು ಒಡೆದು ಓದಿದರು. ‘ಜಿಲ್ಲೆಯಲ್ಲಿಯೇ ಅತಿ ಹೆಚ್ಚು ಬಾರಿ ಮಗ್ಗಸಿರಿ ತಂತ್ರಾಂಶ ತೆರೆದ ಕಚೇರಿ ಹುನಗುಂದ. ಒಟ್ಟು ನಾನೂರ ಹನ್ನೆರಡು ಬಾರಿ. ಹಾರ್ದಿಕ ಅಭಿನಂದನೆಗಳು. ತಮ್ಮ ಕಾರ್ಯವಿಧಾನವನ್ನು ಅಭ್ಯಸಿಸಲು ಹತ್ತೊಂಬತ್ತರಂದು ತಂಡವೊಂದು ಭೇಟಿ ನೀಡಲಿದೆ.’ ನಾನು ಸಿಟ್ಟಿನಿಂದ ಒತ್ತಿದ್ದೆಲ್ಲ ಅಲ್ಲಿ ಸಾಧನೆಯಾಗಿ ಲೆಕ್ಕವಾಗಿತ್ತು. ಬಾದಾಮಿಯವರು ಮುಂಜಾನೆ ಒಮ್ಮೆ ತೆರೆದು ಸಂಜೆತನಕ ಕಾರ್ಡು ಕೊಡುತ್ತ ಕೂತಿದ್ದರು. ದಿನಕ್ಕೆ ಒಂದೇ ಸಲ ತೆರೆದದ್ದಕ್ಕೆ ಅವರಿಗೆ ನಿರಾಸಕ್ತಿಯ ನೋಟಿಸು ಹೋಗಿತ್ತು.

“ಸರ್, ನಮ್ಮಲ್ಲಿ ಒಂದೂ ಕಾರ್ಡು ಬಂದಿಲ್ಲ. ಖರೆ ಹೇಳಿಬಿಡೂಣು” ಎಂದೆ.

“ಕೆಲಸ ಮಾಡದ ಪ್ರೋಗ್ರಾಮಿಗೆ ಯಾರಾದರೂ ಅಭಿನಂದನೆ ಕಳಿಸ್ತಾರೇನ್ರೀ? ಆ ಕಂಪ್ಲೇಂಟ್ ವಾಪಸ್ ತಗೊಳ್ಳಿ. ಇಲ್ಲಾಂದ್ರೆ ಕೆಡಿಸಿದ್ದು ಯಾರು ಅಂತ ಬರಹದಲ್ಲಿ ಕೊಡಬೇಕಾಗುತ್ತೆ. ಅವತ್ತು ಮೌಸ್ ಹಿಡಿದಿದ್ದು ಯಾರು?”

ಮೌಸ್ ಹಿಡಿದವನು ಪದ್ಮಶ್ರೀಗೆ ಫೋನು ಮಾಡಿ ಕಂಪ್ಲೇಂಟ್ ವಾಪಸ್ ಪಡೆದ. ‘ಸಮಸ್ಯೆ ಬಗೆಹರಿದಿದೆ’ ಎಂದು ಆಕೆ ಸಂತೋಷದಿಂದ ಬರೆದುಕೊಂಡಳು. ಮುಂದಿನ ಸಾಧನೆಗೆ ಧಕ್ಕೆ ಬಾರದಿರಲಿ ಎಂದು ದಿನಾ ಮುಂಜಾನೆ ನಲವತ್ತು ಸಲ ಒತ್ತುವ ಕೆಲಸವನ್ನು ಸಾಹೇಬರು ಹೊಳಬಸಪ್ಪನಿಗೆ ವಹಿಸಿದರು. ಅವನು ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದು, ಕಣ್ಣು ಮುಚ್ಚಿ, ಒಂದೊಂದೇ ಎಣಿಸಿ ಒತ್ತುತ್ತಿದ್ದ. ಪಡಸಾಲೆಯಲ್ಲಿ ರೋಷನಬಿ ನಲವತ್ತೂ ನಮಸ್ಕಾರಗಳನ್ನು ಕೇಳುತ್ತ ಕೂತಿರುತ್ತಿದ್ದರು.

ಹತ್ತೊಂಬತ್ತಕ್ಕೆ ತಂಡ ಬಂತು. ಮೂವರು ದೊಡ್ಡವರು, ಮೂರು ತಟ್ಟೆ ಅಮೀನಗಡದ ಕರದಂಟು. ಸಾಹೇಬರು ಮತ್ತೆ ಚಾಂದಸಾಬರನ್ನು ಕರೆಸಿ ಕಚೇರಿಯ ಗೋಡೆಗೇ ಪರದೆ ಕಟ್ಟಿಸಿದ್ದರು. ಪ್ರೋಗ್ರಾಮು ಕಾಣದಿದ್ದರೆ ಉದ್ಘಾಟನೆಯ ಫೋಟೋಗಳನ್ನಾದರೂ ತೋರಿಸೋಣ ಎಂಬ ಲೆಕ್ಕ. ಚಾಂದಸಾಬರು ವೈರು ಸಿಕ್ಕಿಸಿದರು. ನಾನು ಕಣ್ಣು ಮುಚ್ಚಿ ಒತ್ತಿದೆ.

“ನಮಸ್ಕಾರ! ಮಗ್ಗಸಿರಿಗೆ ಸ್ವಾಗತ.”

ಚಪ್ಪಾಳೆ ಕೇಳಿ ಕಣ್ಣು ತೆರೆದೆ. ಗೋಡೆಯ ಪರದೆಯ ಮೇಲೆ ಮಗ್ಗಸಿರಿ ಥಳಥಳ ಹೊಳೆಯುತ್ತಿತ್ತು.

ಆಗ ನನಗೆ ಗೊತ್ತಾಯಿತು. ಪ್ರೋಗ್ರಾಮು ಕೆಟ್ಟಿರಲೇ ಇಲ್ಲ. ಮುಚ್ಚುವಾಗ ಎಲ್ಲಿತ್ತೋ ಮತ್ತೆ ಅಲ್ಲೇ ತೆರೆಯುವುದು ಅದರ ರೂಢಿ. ನಾನು ಅದನ್ನು ದೊಡ್ಡ ಪರದೆಗೆ ಎಳೆದು ಅಲ್ಲೇ ಮುಚ್ಚಿದ್ದೆ. ಹದಿನಾಲ್ಕು ದಿನವೂ ಅದು ಪ್ರಾಮಾಣಿಕವಾಗಿ ತೆರೆಯುತ್ತಿತ್ತು, ಕಟ್ಟದ ಪರದೆಯ ಮೇಲೆ, ಯಾರ ಕಣ್ಣಿಗೂ ಬೀಳದ ಕಡೆ. ಉದ್ಘಾಟನೆಯ ದಿನ ತೋರಿಸಿದ ಜಾಗ ಬಿಟ್ಟು ಬಡವರ ಮೇಜಿನ ಹತ್ತಿರ ಇಳಿದು ಬರಬೇಕು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ನಾನು ಮೌಸ್ ಹಿಡಿದು ಚೌಕಟ್ಟನ್ನು ಸರ್ರನೆ ಸಣ್ಣ ಕಂಪ್ಯೂಟರಿಗೆ ಎಳೆದುಕೊಂಡೆ. ನನ್ನ ಮೂಗಿನ ಮುಂದೆಯೇ ಬಂತು! ಹೊರಗೆ ಬೆಂಚಿನ ಮೇಲೆ ರೋಷನಬಿ. ಎರಡು ನಿಮಿಷದ ಕೆಲಸ.

“ಎಲ್ಲಿ ಹೋಯಿತು?” ಎಂದರು ದೊಡ್ಡವರು, ಬಾಯಲ್ಲಿ ಕರದಂಟು.

“ಮೇಲೆ ತನ್ನಿ” ಎಂದರು ಸಾಹೇಬರು.

“ಸರ್, ಒಂದ ಕಾರ್ಡು ತೆಗದ ಬಿಡ್ತೇನಿ, ಹೊರಗ ಅಮ್ಮಾರು—”

“ಮೇಲೆ ತನ್ನಿ ಅಂದೆ!”

ತಂದೆ. ನನ್ನ ಈ ಕೈಯಿಂದಲೇ ಮತ್ತೆ ಮೇಲಕ್ಕೆ ಎಳೆದೆ. ಪ್ರದರ್ಶನ ಮುಗಿದ ಮೇಲೆ, ತಮಗೂ ಕಂಪ್ಯೂಟರ್ ಬರುತ್ತದೆ ಎಂದು ತೋರಿಸಲು ಸಾಹೇಬರು ತಾವೇ ಎದ್ದು ಬಂದು ಪರದೆಯ ಮೇಲೆಯೇ ಅದನ್ನು ಮುಚ್ಚಿದರು. ಚಾಂದಸಾಬರು ವೈರು ಕಿತ್ತರು. ಬಂದವರು ನನ್ನ ಕೈ ಕುಲುಕಿ ಕಾರ್ಯವಿಧಾನ ಕೇಳುತ್ತ ಒಂದು ತಾಸು ನಿಲ್ಲಿಸಿಕೊಂಡರು. ನಾನು ಹೊರಗೆ ಓಡಿ ಬರುವಷ್ಟರಲ್ಲಿ ಚಾಂದಸಾಬರ ಟೆಂಪೋ ಹೊರಟುಹೋಗಿತ್ತು.

ಇಪ್ಪತ್ತನೇ ತಾರೀಖು ನಾನೇನು ಮಾಡಿದೆ ಎಂದು ಕೇಳುತ್ತೀರಿ. ಏನೂ ಮಾಡಲಿಲ್ಲ. ಬಾಯಿ ಬಿಟ್ಟರೆ ಕೆಡಿಸಿದವನು ನಾನೇ ಎಂದು ಬರಹದಲ್ಲಿ ಕೊಡಬೇಕಿತ್ತು. ಅವತ್ತು ರೋಷನಬಿಯ ಮುಂದೆ ಹಾಯುವಾಗ ಫೈಲನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಹೋದೆ, ಅವರಿಗೆ ನಾನು ಕಾಣುವುದೇ ಇಲ್ಲ ಎನ್ನುವುದು ಆಮೇಲೆ ನೆನಪಾಯಿತು. ಮನೆಗೆ ಬಂದು ಮಹೇಶ್ವರಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಆಕಿ ಮನಿ ಮಗ್ಗದ ಸಪ್ಪಳಾ ನಿಂತ ಎಂಟ ದಿನಾ ಆತು. ಎಳಿ ಕಾಣವಲ್ವಂತ. ನೀವು ಶಾಲ ಹೊದ್ಕೊಂಡ ಸುಮ್ನ ಕುಂದರ್ರಿ” ಎಂದಳು.

ಇಪ್ಪತ್ತೊಂದಕ್ಕೆ ಎಂಟು ಗಂಟೆಗೇ ಕಚೇರಿಗೆ ಹೋದೆ. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಅದೇ ಸನ್ಮಾನದ ಶಾಲಿನಲ್ಲಿ ಸುತ್ತಿಕೊಂಡೆ. ಸರ್ಕಾರಿ ಸೊತ್ತು ಹೊರಗೆ ಒಯ್ಯುವುದು ಅಪರಾಧ. ಹೊಳಬಸಪ್ಪ ಗೋಡೆಯ ಕಡೆ ತಿರುಗಿ, “ನಾ ಏನೂ ನೋಡಿಲ್ರಿ. ಚಾಂದಸಾಬಂದು ಪರದೆ ಇವತ್ತ ಚೊಳಚಗುಡ್ಡದ ಲಗ್ನದಾಗ ಐತಂತ” ಎಂದ.

ಚೊಳಚಗುಡ್ಡಕ್ಕೆ ಹೋಗುವ ಬಾದಾಮಿ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕುಲುಕಿದಾಗೊಮ್ಮೆ ಅಪ್ಪಿ ಹಿಡಿಯುತ್ತಿದ್ದೆ. ಪಕ್ಕದ ಅಜ್ಜಿ ಮರುಗಿ, “ಕೂಸಿಗೆ ಜ್ವರಾ ಬಂದೈತೇನಪಾ? ಮಾರಿ ತುಂಬಾ ಹೊದಿಸಿಬಿಟ್ಟಿ, ಉಸರ ಆಡಬೇಕಲ್ಲ” ಎಂದರು. ಮಾರಿಯೇ ಕಾಣದ ಕೂಸು ಎಂದು ಹೇಳುವ ಹಾಗಿರಲಿಲ್ಲ.

ಚೊಳಚಗುಡ್ಡದ ಮಂಟಪದಲ್ಲಿ ಚಾಂದಸಾಬರ ಪರದೆಯ ಮೇಲೆ ಮದುಮಕ್ಕಳು ನಗುತ್ತಿದ್ದರು. ನಾನು ಕೈ ಮುಗಿದು ಎಲ್ಲ ಹೇಳಿದೆ. “ಅಕ್ಕಿಕಾಳ ಬೀಳೂತನಕ ತಡೀರಿ ಸಾಹೇಬ್ರ” ಎಂದರು ಅವರು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಅವರು ತಮ್ಮ ಹತ್ತಿರ ಇದ್ದ ಸಣ್ಣ ಪರದೆಯನ್ನೂ ದೊಡ್ಡ ಪರದೆಯನ್ನೂ ನನ್ನ ಪೆಟ್ಟಿಗೆಗೆ ಜೋಡಿಸಿದರು. ಒತ್ತಿದೆ. ಧ್ವನಿ ಈ ಸಲ ಮದುವೆಯ ಲೌಡ್‌ಸ್ಪೀಕರಿನಲ್ಲಿ ಬಂತು.

“ನಮಸ್ಕಾರ! ನಿಮ್ಮ ಸೇವೆಗೆ ನಾವು ಸದಾ ಸಿದ್ಧ.”

ಸರಿಯಿದೆಯೇ ಎಂದು ನೋಡಲು ರೋಷನಬಿಯ ಹೆಸರು ಹಾಕಿದೆ. ಮದುಮಗಳ ಮುಖ ಇದ್ದಲ್ಲಿ ಅವರ ಮುಖ ಆಳೆತ್ತರಕ್ಕೆ ಮೂಡಿತು. ಮದುಮಗನ ಸೋದರಮಾವ ರುಮಾಲು ಸರಿಮಾಡಿಕೊಂಡು ಎದ್ದರು.

“ಯಾರಲೇ ಇವನು? ನಾವು ನೋಡಿದ ಹೆಣ್ಣ ಬ್ಯಾರೆ, ಇಲ್ಲಿ ತೋರಿಸೂ ಹೆಣ್ಣ ಬ್ಯಾರೆ?”

“ಇನಿಶಿಯಲೈಜೇಶನ್ ಪ್ರಾಬ್ಲಮ್ ರೀ!” ಎಂದು ನಾನು ಕೂಗಿದೆ.

“ಅದೇನರ ರೋಗ ಇದ್ರ ಮೊದ್ಲ ಹೇಳಬೇಕಿತ್ತು!” ಎಂದು ಅವರು ಹೆಣ್ಣಿನ ತಂದೆಯ ಕಡೆ ತಿರುಗಿದರು. ಇಬ್ಬರೂ ಕೈಕೈ ಮಿಲಾಯಿಸುವಷ್ಟರಲ್ಲಿ ನಾನು ಚೌಕಟ್ಟನ್ನು ಸಣ್ಣ ಪರದೆಗೆ ಎಳೆದು ಅಲ್ಲೇ ಮುಚ್ಚಿದೆ. ಚಾಂದಸಾಬರು ತಮ್ಮ ವೈರು ಮತ್ತೆ ಸಿಕ್ಕಿಸಿದರು, ಮದುಮಗಳು ಮರಳಿ ಕಾಣಿಸಿದಳು, ಎಲ್ಲರೂ ಕೂತರು. ಊಟಕ್ಕೆ ನಿಲ್ಲದೆ ಓಡಿ ಬಂದ ಒಂದೇ ಒಂದು ಮದುವೆ ನನ್ನ ಆಯುಷ್ಯದಲ್ಲಿ ಅದು.

ನಾಲ್ಕು ಗಂಟೆಗೆ ಹುನಗುಂದ. ಪೆಟ್ಟಿಗೆ ಜೋಡಿಸಿ ಒತ್ತಿದರೆ ಮಗ್ಗಸಿರಿ ನನ್ನ ಮುಂದೆಯೇ ತೆರೆಯಿತು. “ಆಯೇಶಾ, ಅತ್ತಿಯವರನ್ನ ಕರ್ಕೊಂಡ ಬಾರವಾ!” ಎಂದು ಕೂಗಿದೆ. ರೋಷನಬಿ ಬಾಗಿಲ ಚೌಕಟ್ಟು ಹಿಡಿದು ಬಂದು ನಿಂತರು. ಕಾರ್ಡು ಅಚ್ಚುಹಾಕುವ ಗುಂಡಿ ಒತ್ತಿದೆ.

‘ಈ ಫಲಾನುಭವಿಗೆ ಕಾರ್ಡು ವಿತರಿಸಲಾಗಿದೆ. ಐದನೇ ತಾರೀಖು.’

ವೇದಿಕೆಯ ಮೇಲೆ ಒತ್ತಿದ ಗುಂಡಿ ಅದನ್ನೂ ದಾಖಲಿಸಿತ್ತು. ನಾನು ಸಾಹೇಬರ ಕೋಣೆಗೆ ಓಡಿದೆ. ಅವರು ಪೇಪರಿನ ತುಣುಕು ತೆಗೆದು ಮೇಜಿನ ಮೇಲೆ ಹರಡಿದರು.

“ಕೊಟ್ಟಾಗಿದೆಯಲ್ರೀ. ಫೋಟೋ ಇದೆ, ನಾನೇ ಇದೀನಿ. ಇನ್ನೊಂದು ಕೊಡಬೇಕಾದ್ರೆ ಹಳೇ ಕಾರ್ಡು ವಾಪಸ್ ಕೊಡಬೇಕು. ಇಲ್ಲ, ಕಳೆದಿದೆ ಅಂತ ಪೊಲೀಸರ ಪತ್ರ ತಂದು ಒಂದು ತಿಂಗಳು ಕಾಯಬೇಕು.”

“ಹಳೇ ಕಾರ್ಡು ನಿಮ್ಮ ತಲಿ ಮ್ಯಾಲೆ ಐತ್ರಿ” ಎಂದಳು ಆಯೇಶಾ.

ಎಲ್ಲರೂ ನೋಡಿದೆವು. ಸಾಹೇಬರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಆ ಪ್ಲೈವುಡ್ಡಿನ ಕಾರ್ಡು ತೂಗುತ್ತಿತ್ತು. ಸಾಹೇಬರ ಮುಖ ಬಿಳಿಚಿತು. ಪಾಪ ಕಂಡು ಅಲ್ಲ, ಆಡಿಟ್ ನೆನಪಾಗಿ.

“ವಿತರಿಸಿದ ಕಾರ್ಡು ನನ್ನ ಗೋಡೆ ಮೇಲೆ ಯಾಕಿದೆ? ತೆಗೀರಿ! ಅವರಿಗೆ ಕೊಟ್ಟು ಸಹಿ ತಗೊಳ್ಳಿ!”

ಹೊಳಬಸಪ್ಪ ಸ್ಟೂಲು ಹತ್ತಿ ಇಳಿಸಿದ. ರೋಷನಬಿ ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ಕಾಣದೆ ಕೈ ಚಾಚಿದರು. ನಾನು ಆ ಬೆರಳು ಹಿಡಿದು ಒತ್ತಿಸಿದೆ.

ಇಪ್ಪತ್ತೆರಡನೇ ತಾರೀಖು ನಾವು ಮೂವರೂ ಆ ಹಲಗೆಯೂ ಬಾಗಲಕೋಟೆಯ ಬಸ್ಸು ಹತ್ತಿದೆವು. “ಬಾಗಲಾ ಒಯ್ಯಾಕತ್ತೀರೇನ್ರಿ?” ಎಂದ ಕಂಡಕ್ಟರ್. ಕಮತಗಿಯಲ್ಲಿ ಹತ್ತಿದವರು ಅದರ ಮೇಲೆ ಬುತ್ತಿಗಂಟು ಇಟ್ಟರು. ದವಾಖಾನೆಯಲ್ಲಿ ಸಾಲು ದೊಡ್ಡದಿತ್ತು. ನಮ್ಮ ಪಾಳಿ ಬಂದಾಗ ನಾನು ಹಲಗೆಯನ್ನು ಕಿಟಕಿಗೆ ಆನಿಸಿ ನಿಲ್ಲಿಸಿದೆ, ಒಳಗಿದ್ದ ಗುಮಾಸ್ತ ಕತ್ತಲಾಯಿತೆಂದು ಲೈಟು ಹಚ್ಚಿದ. ಹೊರಗೆ ಬಂದು ನೋಡಿದ. ನನ್ನಂಥವನೇ, ನನ್ನಷ್ಟೇ ನಿಯಮ ಬಲ್ಲವನು.

“ಇದು ನಡ್ಯಂಗಿಲ್ರಿ” ಎಂದ.

“ಯಾಕ್ರಿ? ಹೆಸರೈತಿ, ಫೋಟೋ ಐತಿ, ನಂಬರ್ ಒಂದ ಐತಿ. ಕಂಪ್ಯೂಟರಿನ್ಯಾಗೂ ಕೊಟ್ಟೇವಿ ಅಂತ ಬಂದೈತಿ” ಎಂದು ನಾನು ಗಂಟಲು ಹರಿಯುವಂತೆ ಹೇಳಿದೆ.

ಅವನು ನನ್ನನ್ನು ಬಿಟ್ಟು ರೋಷನಬಿಗೆ ಹೇಳಿದ. “ಏನವಾ, ಇಲ್ಲಿ ಮೂಲ್ಯಾಗ ‘ಮಾದರಿ’ ಅಂತ ಬರದೈತಿ. ಕಾಣಂಗಿಲ್ಲೇನು?”

“ಕಾಣಂಗಿಲ್ರಿ” ಎಂದರು ರೋಷನಬಿ. “ಅದಕ್ಕ ಬಂದೇನಿ.”

ಸಾಲಿನಲ್ಲಿ ಯಾರೋ ನಕ್ಕರು. ಹುಬ್ಬಳ್ಳಿಯ ಡಾಕ್ಟರು ಐದು ಗಂಟೆಗೆ ಹೊರಟುಹೋದರು.

ಮರಳುವಾಗ ಬಸ್ಸಿನಲ್ಲಿ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಎಳೆದದ್ದು ನಾನು, ಮುಚ್ಚಿದ್ದು ನಾನು, ಗೊತ್ತಿರಲಿಲ್ಲ, ಗೊತ್ತಾದದ್ದು ಹತ್ತೊಂಬತ್ತಕ್ಕೆ. ರೋಷನಬಿ ಕಿಟಕಿಯ ಕಡೆ ಮುಖ ಮಾಡಿ ಕೇಳಿಸಿಕೊಂಡರು.

“ಹದಿನಾಲ್ಕ ದಿನಾ ನಿನಗ ಗೊತ್ತಿದ್ದಿಲ್ಲ, ಆತು” ಎಂದರು. “ಇಪ್ಪತ್ತನೇ ತಾರೀಖ ನಾ ಬೆಂಚಿನ ಮ್ಯಾಲೆ ಕುಂತಿದ್ನೆಲ್ಲ, ಆವಾಗ ಗೊತ್ತಿತ್ತಲ್ಲ ತಮ್ಮಾ. ಅದನ್ನಷ್ಟ ಹೇಳು.”

ಇಳಕಲ್ಲು ಬರುವತನಕ ನಾನು ಜಾರುತ್ತಿದ್ದ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೆ.

ಮುಂದಿನ ತಿಂಗಳು ನಮ್ಮ ಕಚೇರಿಗೂ ನೋಟಿಸು ಬಂತು. ದಿನಕ್ಕೆ ನಲವತ್ತು ಬಾರಿ ತೆರೆಯುತ್ತಿದ್ದ ಮಗ್ಗಸಿರಿ ಈಗ ಒಂದೇ ಬಾರಿ ತೆರೆಯುತ್ತಿದೆ, ಕಾರಣ ತಿಳಿಸುವುದು. ನಾನು ಉತ್ತರ ಬರೆದೆ. ‘ಕಾರಣ: ಪ್ರೋಗ್ರಾಮು ಈಗ ಕಾಣುತ್ತಿದೆ.’ ಸಾಹೇಬರು ಅದನ್ನು ಹೊಡೆದುಹಾಕಿ ‘ನ್ಯೂನತೆಯನ್ನು ಸರಿಪಡಿಸಲಾಗುವುದು’ ಎಂದು ತಿದ್ದಿದರು. ಹೊಳಬಸಪ್ಪ ಈಗ ಮತ್ತೆ ವಿಭೂತಿ ಹಚ್ಚಿಕೊಂಡು ಬಂದು ನಲವತ್ತು ಸಲ ಒತ್ತುತ್ತಾನೆ.

ಪೊಲೀಸರ ಪತ್ರವೆಲ್ಲ ಮುಗಿದು ರೋಷನಬಿಯ ನಿಜವಾದ ಕಾರ್ಡು ಅಚ್ಚಾದದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಬಲಗಣ್ಣಿನೊಳಗೂ ಪೊರೆ ಒಡೆದಿತ್ತು. ಕೈಯಲ್ಲಿ ಆ ಅಂಗೈಯಷ್ಟು ಕಾರ್ಡು ಹಿಡಿದು ಅವರ ಮನೆಗೆ ಹೋದೆ. ಮಗ್ಗದ ಸಾಮಾನುಗಳನ್ನು ಕಳಚಿ ಮೂಲೆಗೆ ಒಟ್ಟಿದ್ದರು. ರೋಷನಬಿ ಗೋಡೆಗೆ ಒರಗಿ ಕೂತು ಬೆರಳಿನ ಅಂದಾಜಿನಲ್ಲಿ ನೂಲು ಸುತ್ತುತ್ತಿದ್ದರು. ಅವರಿಗೂ ನನಗೂ ನಡುವೆ ನೆಲದ ಮೇಲೆ ಆ ಪ್ಲೈವುಡ್ಡಿನ ಹಲಗೆ ಹಾಸಿತ್ತು. ಓಡಾಡುವಾಗ ಕಾಣದೆ ಅತ್ತೆ ಮಗ್ಗದ ಕುಣಿಯೊಳಗೆ ಬೀಳಬಾರದೆಂದು ಆಯೇಶಾ ಅದನ್ನು ಕುಣಿಯ ಮೇಲೆ ಮುಚ್ಚಿದ್ದಳು. ಹಲಗೆಯ ಮೇಲಿನ ಫೋಟೋದಲ್ಲಿ ರೋಷನಬಿ ಎರಡೂ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು. ನಾನು ಅಲ್ಲೇ ನಿಂತೆ.

ನನ್ನ ಹೆಜ್ಜೆಯ ಸಪ್ಪಳ ನಿಂತದ್ದು ಅವರಿಗೆ ತಿಳಿಯಿತು.

“ಯಾಕ ನಿಂತಿ ತಮ್ಮಾ? ಅದರ ಮ್ಯಾಲೆ ಕಾಲಿಟ್ಟ ಬಾ” ಎಂದರು. “ಏನೂ ಆಗಂಗಿಲ್ಲ. ನೀ ಕೊಟ್ಟ ಕಾರ್ಡು ಭಾಳ ಗಟ್ಟಿ ಐತಿ.”